ನಗಾರಿ ಬಂದ ಪೆಟ್ಟಿಗೆ

ಭಾನುವಾರ, ಮಧ್ಯಾಹ್ನ

ನನ್ನ ಮುದ್ದು ಪುಟ್ಟಿಗೆ,

ಅಮ್ಮನ ನೂರು ಮುತ್ತು. ಸಚಿವಾಲಯದ ದೊಡ್ಡ ಅಧಿಕಾರಿಗೆ ಮುತ್ತು ಕೊಡಬಹುದೋ ಇಲ್ಲವೋ ಗೊತ್ತಿಲ್ಲ, ಕೊಟ್ಟಾಗಿದೆ.

ನಗಾರಿ ಬಂದ ಪೆಟ್ಟಿಗೆಯ ಫೋಟೊ ರಾಯಭಾರ ಕಚೇರಿಯವರಿಗೆ ಬೇಕಂತೆ ಎಂದು ಮತ್ತೆ ಮತ್ತೆ ಬರೆದಿದ್ದೀಯ. ಮ್ಯೂಸಿಯಂನ ಬಡಗಿ ನಾನು, ಪೆಟ್ಟಿಗೆ ನನ್ನ ಸುಪರ್ದಿಗೆ ಬಂದದ್ದು ನಿಜ. ಫೋಟೊ ಕಳಿಸುವುದಿಲ್ಲ. ಯಾಕೆಂದು ಆಮೇಲೆ ಹೇಳುತ್ತೇನೆ, ಮೊದಲು ಸ್ವಲ್ಪ ಬೈಸಿಕೋ.

ಆ ನಗಾರಿ ನಮ್ಮ ಊರಬಾಗಿಲ ಮೇಲಿತ್ತು. ಹಿಂದೆ ಆ ರಾಯಭಾರ ಕಚೇರಿಯವರ ದೇಶದ ಸೈನಿಕರು ಬಾಗಿಲಿಗೆ ಬೆಂಕಿ ಇಟ್ಟು ಅದನ್ನು ಹೊತ್ತೊಯ್ದರು. ಕರೆದಾಗ ಯಾರೂ ಓಗೊಡದಿದ್ದರೆ, ನಗಾರಿ ಹೋದ ಊರು, ಯಾರಿಗೆ ಏನು ಕೇಳುತ್ತೆ ಅಂತ ನನ್ನ ಅಜ್ಜಿ ಗೊಣಗುತ್ತಿದ್ದಳು. ಈಗ ಅದನ್ನು ನಮಗೇ ಮೂರು ವರ್ಷಕ್ಕೆ ಎರವಲು ಕೊಟ್ಟಿದ್ದಾರಂತೆ! ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅನ್ನುತ್ತಾರೆ. ಕದ್ದವನೇ ಸಾಲ ಕೊಟ್ಟರೆ ಏನನ್ನಬೇಕೋ ಗಾದೆ ಕಟ್ಟಿದವರಿಗೂ ಹೊಳೆದಿರಲಿಲ್ಲ.

ಇನ್ನು ನಮ್ಮ ಹೊಸ ಗೆಳೆಯರು, ಬಂದರು ಕಟ್ಟಿಕೊಡುತ್ತಿರುವ ದೇಶದವರು. ನಗಾರಿ ಪೂರ್ತಿ ವಾಪಸ್ ಕೊಡಿ ಎಂದು ನಮ್ಮ ಪರವಾಗಿ ಸಭೆಗಳಲ್ಲಿ ಗುಡುಗಿದರು. ನಾನೂ ಚಪ್ಪಾಳೆ ತಟ್ಟಿದೆ. ಆಮೇಲೆ ಅವರ ಇಂಜಿನಿಯರು ನನ್ನ ಕಾರ್ಯಾಗಾರಕ್ಕೇ ಬಂದು, ನಗಾರಿ ಪೀಠದ ಮೇಲೆ ತನ್ನ ದೇಶದ ಬಾವುಟ ಕೆತ್ತಿಕೊಡಿ ಅಂದ. ಉಳಿ ಮೊಂಡಾಗಿದೆ ಅಂದೆ. ನೀನೋ ಫೋನಿನಲ್ಲಿ, ನಗಾರಿ ಒಯ್ದ ಹಳಬರು ಮುನಿದರೆ ಸಹಾಯಧನ ನಿಲ್ಲುತ್ತೆ, ಹೊಸಬರು ಮುನಿದರೆ ಬಂದರು ನಿಲ್ಲುತ್ತೆ, ಏನ್ಮಾಡ್ಲಿ ಹೇಳಮ್ಮಾ ಅಂತ ಅತ್ತುಬಿಟ್ಟೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನೋಣವೆಂದರೆ ಇವರಿಬ್ಬರಲ್ಲಿ ಯಾರೂ ನಮ್ಮನ್ನು ಹೆತ್ತವರಲ್ಲ.

ನಿನ್ನ ಮೇಲೆ ಸಿಟ್ಟಿಲ್ಲ ಪುಟ್ಟಿ. ಎರವಲಿನ ಕರಾರಿಗೆ ಮನಸ್ಸಿಲ್ಲದೆ ಸಹಿ ಹಾಕಿದೆಯೆಂದು ನೀನು ಹೇಳದಿದ್ದರೂ ನನಗೆ ಗೊತ್ತು. ಆದರೆ ಪೆಟ್ಟಿಗೆ ಬಿಚ್ಚಿದ ದಿನ ನಗಾರಿಯ ಮೈ ತಡವಿದವಳು ನಾನು. ಅದನ್ನು ಮತ್ತೆ ಒಳಗಿಟ್ಟು ಮುಚ್ಚಳ ಬಿಗಿಯುವುದು ನನ್ನಿಂದಾಗದು. ಬೇರೆಯವರು ಬಿಗಿಯಲೂ ಬಿಡುವುದಿಲ್ಲ.

ಎರವಲು ಬಂದ ವಸ್ತುವಿನ ಪೆಟ್ಟಿಗೆಯನ್ನು ನಮ್ಮ ಕೆಲಸದಲ್ಲಿ ಯಾರೂ ಎಸೆಯುವುದಿಲ್ಲ. ಅದರ ಅಳತೆಗೇ ಮಾಡಿದ್ದು, ಅದರಲ್ಲೇ ವಾಪಸ್ ಹೋಗಬೇಕು. ನಿನ್ನ ಕರಾರಿನಲ್ಲೂ ಹಾಗೇ ಇದೆ: ಬಂದ ಪೆಟ್ಟಿಗೆ ಬಿಟ್ಟು ಬೇರೆ ಯಾವುದರಲ್ಲೂ ನಗಾರಿಯನ್ನು ಸಾಗಿಸುವಂತಿಲ್ಲ. ಆ ಸಾಲು ಹಾಕಿಸಿದವರು ನಗಾರಿ ಎರವಲು ಕೊಟ್ಟವರೇ. ಓದಿ ನನಗೆ ಬಹಳ ಖುಷಿಯಾಯಿತು. ಕರಾರು ಅಂದಮೇಲೆ ಪಾಲಿಸಲೇಬೇಕಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ ನಿನ್ನ,
ಹಟಮಾರಿ ಅಮ್ಮ

ತಾ.ಕ.: ಉದ್ಘಾಟನೆಯ ದಿನ ನಗಾರಿಯ ಎದುರಿನ ಹೊಸ ಬೆಂಚಿನ ಮೇಲೆ ಆ ಹಳಬರ ರಾಯಭಾರಿ ಕೂತು, ಮರ ಗಟ್ಟಿಯಾಗಿದೆ, ಎಲ್ಲಿಯದು ಎಂದು ಕೇಳಿದರು. ನಿಮ್ಮ ಕಡೆಯದೇ ಸ್ವಾಮಿ, ಅಂದೆ. ಪೆಟ್ಟಿಗೆ ಒಡೆದವಳು ನಾನೊಬ್ಬಳೇ ಎಂದು ಮ್ಯೂಸಿಯಂ ನಿರ್ದೇಶಕರಿಗೆ ಹೇಳಿದ್ದೇನೆ, ನಿನಗೆ ಏನೂ ಗೊತ್ತಿರಲಿಲ್ಲ. ರಾಯಭಾರಿ ಬೆಂಚಿನ ಮೇಲೆ ಕೂತ ಫೋಟೊ ಪತ್ರಿಕೆಯಲ್ಲಿ ಬಂದಿದೆ. ಪೆಟ್ಟಿಗೆಯ ಫೋಟೊ ಬೇಕೇಬೇಕೆಂದರೆ ಅದನ್ನೇ ಕಳಿಸು.