ಕೇಳಿದ್ದನ್ನು ಹೇಳಿ

ಜೂನ್ 3, ಸೋಮವಾರ

ಮತ್ತೆ ಅದೇ. ಬಿಳಿ ಬೆಡ್‌ಶೀಟುಗಳ ಜೊತೆ ಹಸಿರು ಪರದೆಯೂ ಮಷೀನಿಗೆ ಬಿತ್ತು. ಆಸ್ಪತ್ರೆಯ ಹಾಸಿಗೆಗಳಿಗೆಲ್ಲ ಚಿಗುರು! ಹೊಸ ಹುಡುಗಿಯನ್ನು ಕೇಳಿದೆ. "ಎಲ್ಲಾ ಒಟ್ಟಿಗೆ ಹಾಕು ಅಂದ ಹಾಗೆ ಕೇಳಿಸ್ತು ಮೇಡಂ." ತಪ್ಪು ಅವಳದಲ್ಲ. ಲಾಂಡ್ರಿಯ ಇನ್‌ಚಾರ್ಜ್ ನಾನು, ಮಷೀನ್ ಸದ್ದಿನಲ್ಲಿ ಗೊಣಗಿದವಳೂ ನಾನೇ. ಗೋಡೆಗೆ ಬರೆಸಿದೆ — ಬಿಳಿಗೆ ಬಿಸಿನೀರು, ಬಣ್ಣಕ್ಕೆ ತಣ್ಣೀರು. ಇನ್ನು ಮೇಲೆ ರೂಲ್ಸ್: ನಾನೇನು ಹೇಳಿದರೂ ಕೇಳಿದವರು ತಿರುಗಿ ಹೇಳಬೇಕು. ಕೇಳಿದ್ದನ್ನು ಹೇಳಿ, ಆಮೇಲೆ ಮಾಡಿ.

ಬಾಯ್ಲರ್ ನೋಡಿಕೊಳ್ಳುವವರು — ಇಲ್ಲಿ ಎಲ್ಲರೂ ಕರೆಯುವುದು ಮೇಷ್ಟ್ರು ಅಂತಲೇ — ನಕ್ಕರು. "ಪ್ರಾಸ ಇಲ್ದೆ ಬೈಯೋಕೂ ಬರಲ್ವಾ ನಿಮಗೆ?"

ಆ ನಗು ಕೇಳಲೆಂದೇ ಪ್ರಾಸ ಹುಡುಕುತ್ತೇನೆ. ಇದನ್ನು ಗೋಡೆಗೆ ಬರೆಸಲಾಗದು.

ಜೂನ್ 14, ಸಂಜೆ

ರೂಲ್ಸ್ ಫಲಿಸಿದೆ. ಬಟ್ಟೆ ಬೆಳ್ಳಗೆ, ತಲೆ ತಣ್ಣಗೆ. ಐದು ಗಂಟೆಯವರೆಗೆ.

ಮೇಷ್ಟ್ರು ಬಂದು ಬಾಗಿಲಲ್ಲೇ ನಿಂತರು. ನದಿಯಾಚೆಯ ಹೊಸ ಲಾಂಡ್ರಿಯವರು ಕರೆದಿದ್ದಾರಂತೆ. "ಹೋಗ್ಲಾ, ಇರ್ಲಾ? ನೀವು ಹೇಳಿ ಮೇಡಂ."

ಇರಿ. ಎರಡೇ ಅಕ್ಷರ. ಬಾಯಿಂದ ಬಂದದ್ದು — "ನಿಮ್ಮಿಷ್ಟ."

ಮಹಾರಾಯರು ರೂಲ್ಸ್ ಪಾಲಿಸಿದರು. "ನನ್ನಿಷ್ಟ. ಸರಿ."

ಜುಲೈ 4

ಹೊಸ ಬಾಯ್ಲರಿನವನು ಚುರುಕು. ನಗುವುದಿಲ್ಲ. ಪ್ರಾಸ ಕಟ್ಟುವುದು ಬಿಟ್ಟಿದ್ದೇನೆ. ಮೇಷ್ಟ್ರ ಟವೆಲ್ ಇನ್ನೂ ಬಾಯ್ಲರ್ ಪಕ್ಕದ ಮೊಳೆಯಲ್ಲೇ ಇದೆ. ಊರಿನ ಬಟ್ಟೆಯೆಲ್ಲ ಒಗೆಸುವವಳು ಅದೊಂದನ್ನು ಒಗೆಯಲು ಹಾಕಿಲ್ಲ...

ಇಸ್ತ್ರಿ ಅಕ್ಕ ಇವತ್ತು ಬಿಡಲಿಲ್ಲ. "ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ. ದಿಂಬಿನ ಕವರ್ ಮಡಚೋದನ್ನ ನಮಗೆ ಸಾರಿ ಸಾರಿ ಹೇಳ್ತೀರಿ. ಆ ಮನುಷ್ಯನಿಗೆ ಒಂದು ಮಾತು ಹೇಳೋಕಾಗ್ಲಿಲ್ವಾ?"

"ಒಳ್ಳೆ ಕೆಲಸ ಸಿಕ್ಕಿದೆ. ಇನ್‌ಚಾರ್ಜ್ ಆಗಿ ಹೇಗಕ್ಕಾ ತಡೀಲಿ?"

"ಅವರು ಕೇಳಿದ್ದು ಇನ್‌ಚಾರ್ಜ್‌ನಾ, ನಿಮ್ಮನ್ನಾ?"

ಅಕ್ಕನ ಇಸ್ತ್ರಿ ನೇರ ನನ್ನ ಮೇಲೇ ಓಡಿತು.

ಜುಲೈ 7, ಭಾನುವಾರ

ರಜೆ. ನಲವತ್ತಾರರ ಹೆಂಗಸು, ಫೋನ್ ಹಿಡಿದು ಕೂತಿದ್ದೇ ಕೂತಿದ್ದು. ಕಾಫಿ ಆರಿತು. ಕೊನೆಗೆ ಮೇಷ್ಟ್ರಿಗೆ ಫೋನ್ ಮಾಡಿದೆ.

"ಹೇಳಿ ಮೇಡಂ."

ಗೊಣಗಲಿಲ್ಲ. "ವಾಪಸ್ ಬನ್ನಿ. ಬಾಯ್ಲರಿಗಲ್ಲ. ನನಗೆ ನೀವು ಬೇಕು."

ಆ ಕಡೆಯಿಂದ, "ಇಲ್ಲಿ ಮಷೀನ್ ಸದ್ದು ಮೇಡಂ, ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳಿ."

ಭಾನುವಾರ. ನದಿಯಾಚೆಯೂ ರಜೆಯೇ. ಯಾವ ಮಷೀನು?

"ರೂಲ್ಸ್ ಮರೆತ್ರಾ? ಕೇಳಿದ್ದನ್ನು ಹೇಳಿ."

ನಕ್ಕರು. ಅದೇ ನಗು. ಆಮೇಲೆ ನಿಧಾನವಾಗಿ, ಒಂದೊಂದೇ ಮಾತು —

"ಬಾಯ್ಲರಿಗಲ್ಲ. ನನಗೆ ನೀವು ಬೇಕು."