ನೂರಕ್ಕೆ ಕೊಳ್ಳುವ ಹಕ್ಕು

ಮಾರ್ಚ್ 4, ಊಟದ ಬಿಡುವು

ಮತ್ತೆ ಅದೇ ಪಾಠ. ಕ್ಯಾಂಟೀನಿನಲ್ಲಿ ನಾಲ್ಕು ಜನ, ತಲೆ ಒಬ್ಬರಿಗೂ ಇಲ್ಲ. "ಸರ್, ಷೇರು ನೂರನಲವತ್ತಾಗಿದೆ. ನಮ್ಮ ಆಪ್ಷನ್ನೂ ಒಂದೊಂದು ನೂರನಲವತ್ತು ಅಲ್ವಾ?" ಅಂತಾನೆ ಗೋಡೌನಿನ ಬೊಜ್ಜಪ್ಪ. ಅಯ್ಯೋ ಕರ್ಮವೇ! ಕಂಪನಿ ಕೊಟ್ಟಿರೋದು ಷೇರಲ್ಲ ಕಣಯ್ಯಾ, ನೂರಕ್ಕೆ ಷೇರು ಕೊಳ್ಳೋ ಹಕ್ಕು. ಪೇಟೆಯಲ್ಲಿ ನೂರನಲವತ್ತು. ಮಧ್ಯದ ನಲವತ್ತೇ ಅದರ ಅಸಲಿ ಬೆಲೆ — ಇಂಟ್ರಿನ್ಸಿಕ್ ವ್ಯಾಲ್ಯೂ. ಪೇಟೆ ನೂರಕ್ಕಿಂತ ಕೆಳಗಿಳಿದರೆ ಸೊನ್ನೆ. ಬಾಯಿ ಬಿಟ್ಕೊಂಡು ನೋಡಿದ. ಇವಕ್ಕೆಲ್ಲ ಸಂಬಳ ಬೇರೆ ಕೇಡು.

ಮಾರ್ಚ್ 19

ನನಗೆ ಬರಬೇಕಿದ್ದ ಸೀನಿಯರ್ ಪೋಸ್ಟು ಮ್ಯಾನೇಜರನ ಭಾಮೈದನಿಗೆ. ಶೇಕಡಾ ಲೆಕ್ಕ ಬರದವನಿಗೆ! ರಾಜೀನಾಮೆ ಮೇಜಿನ ಮೇಲೆ ಬಿಸಾಕಿ ಬಂದೆ. "ನಿಮ್ಮ ಆಪ್ಷನ್ ವಿಷಯ ಸ್ವಲ್ಪ ಕೂತು ಮಾತಾಡಿ ಹೋಗಿ" ಅಂದ ಮ್ಯಾನೇಜರು. ನನಗೇ ಪಾಠ... ಮನೆಗೆ ಬಂದವನೇ ಕಂಪನಿಯ ನಂಬರೆಲ್ಲ ಬ್ಲಾಕ್. ಇಮೇಲೂ ಬ್ಲಾಕ್. ಪೀಡೆ ತೊಲಗಿತು.

ಏಪ್ರಿಲ್ 2

ಇವಳು ಬೆನ್ನು ಬಿಡುತ್ತಿಲ್ಲ. ಬೇರೆಯವರ ಪಾರ್ಲರಿನಲ್ಲಿ ನಿಂತು ನಿಂತು ಕಾಲು ಬಾತುಕೊಂಡಿದೆ, ಸ್ವಂತದ್ದು ಬೇಕಂತೆ. "ರೀ, ಒಂದೊಂದಕ್ಕೂ ನಲವತ್ತು ಸಿಗುತ್ತಲ್ಲ, ಸಾಕು. ಈಗಲೇ ತಗೊಂಡು ಮಾರಿಬಿಡಿ."

ಸಾಕಂತೆ! "ಸುಮ್ನಿರೇ, ನಿಂಗೆ ಇದೆಲ್ಲ ತಿಳಿಯಲ್ಲ. ಇನ್ನೂ ಏರುತ್ತೆ" ಅಂದೆ. ಮುಖ ಊದಿಸಿಕೊಂಡು ಹೋದಳು.

ಜುಲೈ 8, ಬೆಳಿಗ್ಗೆ

ಇನ್ನೂರು! ಹೇಳಿದ್ದೆ ತಾನೆ. ಒಂದೊಂದಕ್ಕೂ ನೂರು. ಬೊಜ್ಜಪ್ಪ ನೂರೈವತ್ತಕ್ಕೇ ಮಾರಿಕೊಂಡನಂತೆ, ದಡ್ಡ ಶಿಖಾಮಣಿ. ಇವಳು ಕೆಲಸ ಬಿಟ್ಟಾಯ್ತು. ತನ್ನ ಒಡವೆ ಅಡವಿಟ್ಟು ಮಳಿಗೆಗೆ ಅಡ್ವಾನ್ಸೂ ಕೊಟ್ಟಾಯ್ತು. ಹೇಗೂ ಬಿಡಿಸಿಕೊಡ್ತೀನಲ್ಲ.

ಜುಲೈ 8, ಸಂಜೆ

ಕಂಪನಿಗೆ ಫೋನ್ ಮಾಡಿದೆ. ಎತ್ತಿದ್ದು ಆ ಭಾಮೈದ. ಮೈಯೆಲ್ಲ ಉರಿಯಿತು. ಆದರೂ ಗತ್ತಿನಲ್ಲೇ, ನನ್ನ ಷೇರು ಕೊಡಿ ಅಂದೆ.

"ಸರ್... ಕೆಲಸ ಬಿಟ್ಟವರು ಮೂರು ತಿಂಗಳೊಳಗೆ ತಗೋಬೇಕಿತ್ತು. ಆಮೇಲೆ ಹಕ್ಕೇ ಇರಲ್ಲ. ನಾನೇ ಎಷ್ಟು ಸಲ ಫೋನ್ ಮಾಡಿದೆ, ಮೇಲ್ ಹಾಕಿದೆ..."

ನಗಲಿಲ್ಲ ಅವನು. ನಕ್ಕಿದ್ದರೆ ಬೈಯಬಹುದಿತ್ತು.

ಇವಳು ಒಳಗಿನಿಂದ ಕೂಗುತ್ತಿದ್ದಾಳೆ — "ರೀ, ಕುರ್ಚಿಗೆ ಕೆಂಪು ಚೆನ್ನಾಗಿರುತ್ತಾ?" ಬಂದೆ ಅಂದೆ. ಎದ್ದಿಲ್ಲ. ಹೋಗಿ ಹೇಳಬೇಕು. ಏನಂತ ಶುರು ಮಾಡೋದು... "ಲೇ, ಆ ಅಡ್ವಾನ್ಸು ವಾಪಸ್ ಸಿಗುತ್ತಾ..."