ಲಾಯದ ಮನೆಯ ನೀಲಿ ಒಲೆ

ಅಪ್ಪಾ,

ಇವತ್ತು ಅರಮನೆ ಮ್ಯೂಸಿಯಂನ ರಿಮ್ಮಾ ಅರ್ಕಾದ್ಯೆವ್ನಾ ಮನೆಗೆ ಬಂದಿದ್ದರು. ನಮ್ಮೂರು ಗಾಚಿನಾದಲ್ಲಿ ಝಾರ್ ದೊರೆಗಳ ಕಾಲದ್ದು ಏನೇ ಉಳಿದಿದ್ದರೂ ಮ್ಯೂಸಿಯಂಗೆ ಸೇರಬೇಕಂತೆ. ನಾವಿರುವುದು ಅವರ ಕುದುರೆ ಲಾಯದಲ್ಲೇ ತಾನೆ? ಒಳಗೆ ಹಳೆಯದೇನೂ ಸಿಗದಿದ್ದರೆ ಮನೆ ನಮಗೇ ಉಳಿಯುತ್ತದೆ ಎಂದು ನಾನು ನಿಶ್ಚಿಂತನಾಗಿದ್ದೆ.

ಆಕೆ ಸೀದಾ ಹೋಗಿ ನಿಂತಿದ್ದು ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ನಿನ್ನ ಒಲೆಯ ಮುಂದೆ. ನೀಲಿ ಹಡಗುಗಳ ಟೈಲ್ಸ್ ಮೇಲೆ ಕೈಯಾಡಿಸಿ, "ಅಬ್ಬಾ! ಯುದ್ಧದಲ್ಲಿ ಅರಮನೆನೇ ಸುಟ್ಟೋಯ್ತು, ಇದು ಹೆಂಗ್ರೀ ಉಳೀತು? ಎಂಥಾ ಕೈ ಇದನ್ನ ಮಾಡಿದೋನ್ದು!" ಎಂದರು.

"ಮೇಡಂ, ಹಳೇದು ಒಡೆದೋಗಿತ್ತು. ಈ ಟೈಲ್ಸ್ ನಮ್ಮಪ್ಪ ಚಿತ್ರ ಬರೆದು ಭಟ್ಟೀಲಿ ಸುಟ್ಟು ಮಾಡಿದ್ದು," ಎಂದೆ.

"ಮನೆ ಉಳಿಸ್ಕೊಳ್ಳೋಕೆ ಎಲ್ರೂ ಹಿಂಗೇ ಹೇಳೋದು ಕಣಪ್ಪ," ಎಂದು ನಕ್ಕರು. ಅಮ್ಮನ ಕಡೆ ತಿರುಗಿ, "ನೀವ್ ಹೇಳಿ ಅಮ್ಮ," ಎಂದರು.

ನೀನು ಬದುಕಿದ್ದಾಗ ನಿನ್ನನ್ನು ಬಣ್ಣ ಬಳಿಯೋ ಸೋಮಾರಿ ಎಂದು ಬಯ್ಯುತ್ತಿದ್ದ ಅಮ್ಮ, ತಲೆಯ ವಸ್ತ್ರ ಸರಿಮಾಡಿಕೊಂಡು ಹೇಳಿದಳು: "ಝಾರ್ ಕಾಲದ್ದೇ ಕಣ್ರೀ. ಈಗಿನೋರಿಗೆ ಎಲ್ ಬರುತ್ತೆ ಇಂಥ ಕೆಲ್ಸ?"

ಆಕೆ ಹೋದ ಮೇಲೆ ಕೂಗಾಡಿದೆ. "ತಲೆ ಕೆಟ್ಟಿದ್ಯಾ ನಿಂಗೆ? ಮನೆ ಹೋಯ್ತಲ್ಲ!"

"ಸುಮ್ನಿರು ಯೆಗೋರ್ಕಾ. ಅಷ್ಟು ಓದಿರೋರು ನಿಮ್ಮಪ್ಪನ್ನ ಹೊಗಳ್ತಿದ್ರು. ಇದು ನಕಲಿ ಅಂತ ನನ್ನ ಬಾಯಲ್ಲಿ ಹೆಂಗ್ ಹೇಳ್ಲಿ?"

ಇದರ ಬದಲಿಗೆ ನಮಗೆ ಊರಾಚೆ ಒಂಬತ್ತನೇ ಮಹಡಿಯಲ್ಲಿ ಮನೆ ಕೊಡುತ್ತಾರಂತೆ. ಅಮ್ಮ ಆಗಲೇ ಪಾತ್ರೆ ಗಂಟು ಕಟ್ಟುತ್ತಿದ್ದಾಳೆ. ಒಲೆಯ ಸುತ್ತ ಯಾರೂ ಮುಟ್ಟದಂತೆ ಹಗ್ಗ ಕಟ್ಟುತ್ತಾರಂತೆ. ಇನ್ನು ಮೇಲೆ ನಿನ್ನ ಹಡಗುಗಳನ್ನು ನೋಡಬೇಕಾದರೆ ನಾನೂ ಟಿಕೆಟ್ ತೆಗೆದುಕೊಂಡು ಸಾಲಿನಲ್ಲಿ ನಿಲ್ಲಬೇಕು.

ಯೆಗೋರ್